‘ತಡೀರಿ’ ಅಂದವರಿಗೆ ಬರೆದ ಪತ್ರ

(ನಮ್ಮೂರಿನ ಓದುಗರ ಬಳಗದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಒಂದೆರಡು ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡುವುದು ಒಂದು ಪತ್ರದ ಬಗ್ಗೆ. ಬರೆದವರು ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್. ಬರೆದದ್ದು 1963ರ ಏಪ್ರಿಲ್‌ನಲ್ಲಿ, ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಜೈಲಿನಲ್ಲಿ ಕೂತು. ಆಗ ಅವರಿಗೆ 34 ವರ್ಷ.

ಕಿಂಗ್ ಅಂದ ತಕ್ಷಣ ನಮಗೆಲ್ಲ ನೆನಪಾಗುವುದು ‘ನನಗೊಂದು ಕನಸಿದೆ’ ಅನ್ನುವ ಭಾಷಣ. ಅದು ಅದೇ ವರ್ಷದ ಆಗಸ್ಟ್ ತಿಂಗಳಿನದು. ನನಗೆ ಮಾತ್ರ ಈ ಪತ್ರವೇ ದೊಡ್ಡದು. ಭಾಷಣ ಕೇಳಲು ಅಷ್ಟು ದೂರದಿಂದ ಬಂದು ನಿಂತಿದ್ದ ಜನ ಹೆಚ್ಚುಕಡಿಮೆ ಎಲ್ಲರೂ ಅವರ ಜೊತೆಗಿದ್ದವರೇ. ಪತ್ರ ಬರೆದದ್ದು ಜೊತೆಗಿಲ್ಲದವರಿಗೆ. ಒಪ್ಪದವರ ಎದುರು ಕೂತು, ದನಿ ಏರಿಸದೆ, ಒಂದು ಹೆಜ್ಜೆಯನ್ನೂ ಬಿಟ್ಟುಕೊಡದೆ ಮಾತಾಡುವುದು ಹೇಗೆ? ಅನ್ಯಾಯದ ಬಗ್ಗೆ ಬರೆಯುವವರೆಲ್ಲ ಎದುರಿಸುವ ಪ್ರಶ್ನೆ ಇದು. ನಾನು ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಒಂದು ವರ್ಷ ನನ್ನ ವಿದ್ಯಾರ್ಥಿಗಳ ಜೊತೆ ಈ ಪತ್ರವನ್ನು ಕನ್ನಡಕ್ಕೆ ತರಲು ಕೂತಿದ್ದೆ. ಹಾಗೆ ಕೂತಾಗ ಕಂಡದ್ದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಹಿನ್ನೆಲೆ. ಬರ್ಮಿಂಗ್‌ಹ್ಯಾಮ್ ಪೇಟೆಯ ದೊಡ್ಡ ಅಂಗಡಿಗಳಲ್ಲಿ ಕಪ್ಪು ಜನ ದುಡ್ಡು ಕೊಟ್ಟು ಸಾಮಾನು ಕೊಳ್ಳಬಹುದಿತ್ತು. ಅದೇ ಅಂಗಡಿಯ ಊಟದ ಕೌಂಟರಿನಲ್ಲಿ ಕೂರುವಂತಿರಲಿಲ್ಲ. ‘ಬಿಳಿಯರಿಗೆ’, ‘ಬಣ್ಣದವರಿಗೆ’ ಅಂತ ಬೇರೆ ಬೇರೆ ಬೋರ್ಡು. ಬೋರ್ಡು ತೆಗೆಯುತ್ತೇವೆ ಅಂತ ವ್ಯಾಪಾರಿಗಳು ಮಾತು ಕೊಟ್ಟಿದ್ದರು. ಕೆಲವು ಇಳಿದವು, ಸ್ವಲ್ಪ ದಿನಕ್ಕೆ ಮತ್ತೆ ಏರಿದವು. ಕೊನೆಗೆ ಈಸ್ಟರ್ ಹಬ್ಬದ ವ್ಯಾಪಾರದ ಕಾಲ ನೋಡಿಕೊಂಡು ಚಳವಳಿ ಶುರುವಾಯಿತು. ಕೋರ್ಟು ಮೆರವಣಿಗೆಗೆ ತಡೆಯಾಜ್ಞೆ ಕೊಟ್ಟಿತು. ಏಪ್ರಿಲ್ 12, ಗುಡ್ ಫ್ರೈಡೇ ದಿನ, ಕಿಂಗ್ ತಡೆಯಾಜ್ಞೆ ಮೀರಿ ನಡೆದರು, ಬಂಧನವಾಯಿತು.

ಅದೇ ಹೊತ್ತಿಗೆ ಊರಿನ ಪತ್ರಿಕೆಯಲ್ಲಿ ಒಂದು ಹೇಳಿಕೆ ಬಂತು. ಸಹಿ ಹಾಕಿದವರು ಎಂಟು ಜನ ಬಿಳಿಯ ಧರ್ಮಗುರುಗಳು. ಹೆಚ್ಚಿನವರು ಪ್ರಾಟೆಸ್ಟಂಟರು, ಒಬ್ಬರು ಕ್ಯಾಥೊಲಿಕ್ ಬಿಷಪ್, ಒಬ್ಬರು ಯಹೂದಿ ರಬ್ಬಿ. ಈ ಮೆರವಣಿಗೆಗಳು ಜಾಣತನದ ಕೆಲಸವಲ್ಲ, ಇದು ಸಮಯವೂ ಅಲ್ಲ, ಹೊರಗಿನವರು ಬಂದು ಇದನ್ನೆಲ್ಲ ನಡೆಸುತ್ತಿದ್ದಾರೆ, ಶಾಂತವಾಗಿ ನಡೆದುಕೊಂಡ ಪೊಲೀಸರನ್ನು ಮೆಚ್ಚಬೇಕು ಅಂತ ಅದರ ಸಾರ. ಇವರು ಕೆಟ್ಟವರಾಗಿರಲಿಲ್ಲ. ಅದೇ ಜನವರಿಯಲ್ಲಿ ರಾಜ್ಯದ ಗವರ್ನರ್ ಜಾರ್ಜ್ ವಾಲೇಸ್ ‘ಪ್ರತ್ಯೇಕತೆ ಎಂದೆಂದಿಗೂ’, ಅಂದರೆ ಕಪ್ಪು ಜನ ಬಿಳಿಯರು ಯಾವತ್ತೂ ಬೇರೆ ಬೇರೆಯೇ ಇರಬೇಕು, ಅಂತ ಘೋಷಿಸಿದಾಗ, ಕೋರ್ಟಿನ ಮಾತು ಕೇಳಬೇಕಪ್ಪ ಅಂತ ಜನಕ್ಕೆ ಬುದ್ಧಿ ಹೇಳಿದ್ದ ಗುಂಪು ಇದೇ.

ಆ ಹೇಳಿಕೆ ಜೈಲಿನೊಳಗೆ ಕಿಂಗ್ ಕೈಗೆ ಸಿಕ್ಕಿತು. ಬರೆಯಲು ಹಾಳೆ ಇರಲಿಲ್ಲ. ಅದೇ ಪತ್ರಿಕೆಯ ಅಂಚಿನ ಖಾಲಿ ಜಾಗದಲ್ಲಿ ಉತ್ತರ ಬರೆಯಲು ಶುರು ಮಾಡಿದರು. ಆಮೇಲೆ ಜೈಲಿನಲ್ಲಿ ಕೆಲಸಕ್ಕಿದ್ದ ಒಬ್ಬ ಕಪ್ಪು ಕೈದಿ ತಂದುಕೊಟ್ಟ ಚೂರುಪಾರು ಕಾಗದದಲ್ಲಿ ಮುಂದುವರಿಸಿದರು. ಕೊನೆಯ ಭಾಗಕ್ಕೆ ಮಾತ್ರ ವಕೀಲರು ಬಿಟ್ಟುಹೋದ ಪ್ಯಾಡು ಸಿಕ್ಕಿತು. ಹೊರಗೆ ಚಳವಳಿಯ ಜೊತೆಗಾರ ವಯಟ್ ಟೀ ವಾಕರ್ ಆ ಅಕ್ಷರ ಬಿಡಿಸಿ ಓದಿದರು, ಅವರ ಕಾರ್ಯದರ್ಶಿ ವಿಲ್ಲಿ ಪರ್ಲ್ ಮ್ಯಾಕಿ ಕೂತು ಟೈಪ್ ಮಾಡಿದರು. ಸುಮಾರು 7,000 ಪದಗಳ ಪತ್ರ. ಇಷ್ಟು ಉದ್ದ ಬರೆದದ್ದಕ್ಕೆ ಕ್ಷಮೆ ಕೇಳುತ್ತಾ ಕಿಂಗ್ ಹೇಳುತ್ತಾರೆ: ಇಕ್ಕಟ್ಟಿನ ಜೈಲು ಕೋಣೆಯಲ್ಲಿ ಒಬ್ಬನೇ ಇರುವಾಗ ಉದ್ದದ ಪತ್ರ ಬರೆಯುವುದು, ಉದ್ದಕ್ಕೆ ಯೋಚಿಸುವುದು, ಉದ್ದಕ್ಕೆ ಪ್ರಾರ್ಥಿಸುವುದು ಬಿಟ್ಟು ಇನ್ನೇನು ಮಾಡಲಿ?

ಇಲ್ಲಿ ಒಂದು ಗಮನಿಸಿ. ಕಿಂಗ್‌ಗೆ ಆ ಹೊತ್ತಿನಲ್ಲಿ ಶತ್ರುಗಳಿಗೆ ಬರ ಇರಲಿಲ್ಲ. ಪೊಲೀಸ್ ಇಲಾಖೆಯನ್ನು ಕೈಯಲ್ಲಿಟ್ಟುಕೊಂಡಿದ್ದ ಬುಲ್ ಕಾನರ್ ಇದ್ದ. ವಾಲೇಸ್ ಇದ್ದ. ಮುಸುಕು ಹಾಕಿಕೊಂಡು ಬಾಂಬ್ ಇಡುವ, ಕು ಕ್ಲಕ್ಸ್ ಕ್ಲಾನ್ ಅನ್ನುವ ಬಿಳಿಯರ ಗುಂಪು ಇತ್ತು. ಅವರನ್ನು ಬೈದು ಬರೆದಿದ್ದರೆ ಜನ ಚಪ್ಪಾಳೆ ಹೊಡೆಯುತ್ತಿದ್ದರು. ಅವರು ಆರಿಸಿಕೊಂಡದ್ದು ಈ ಎಂಟು ಜನರನ್ನು. ಯಾಕೆಂದರೆ ವಾಲೇಸ್‌ಗೆ ಪತ್ರ ಬರೆದು ಮನಸ್ಸು ತಿರುಗಿಸಲು ಆಗುವುದಿಲ್ಲ. ಅನ್ಯಾಯ ಅನ್ಯಾಯವೇ ಅಂತ ಒಳಗೊಳಗೇ ಗೊತ್ತಿರುವವರ ಜೊತೆ ಮಾತ್ರ ವಾದ ಮಾಡಲು ಸಾಧ್ಯ. ಬರವಣಿಗೆಗೆ ಕೂರುವ ಮೊದಲೇ ಆಗಬೇಕಾದ ಕೆಲಸ ಇದು: ಯಾರಿಗೆ ಬರೆಯುತ್ತಿದ್ದೇನೆ? ಪ್ರತಿಭಟನೆಯ ಬರಹಗಳನ್ನು ಓದುವಾಗ ನಾನು ಮೊದಲು ಹುಡುಕುವುದು ಇದನ್ನೇ. ಎಷ್ಟೋ ಬರಹಗಳಲ್ಲಿ ಎದುರಿಗೆ ಯಾರೂ ಕೂತಿರುವುದಿಲ್ಲ. ಸುಮ್ನೆ ಗಾಳಿಗೆ ಕೂಗಿದ ಹಾಗಿರುತ್ತದೆ.

ಪತ್ರ ಶುರುವಾಗುವುದು ‘ನನ್ನ ಪ್ರೀತಿಯ ಸಹ ಧರ್ಮಗುರುಗಳೇ’ ಅಂತ. ಆ ‘ಸಹ’ ಅನ್ನುವ ಪದದಲ್ಲೇ ಅರ್ಧ ವಾದ ಮುಗಿದಿದೆ. ಕಿಂಗ್ ಕೂಡ ಪಾದ್ರಿ. ನಾನು ನಿಮ್ಮ ಕಸುಬಿನವನೇ, ನೀವು ಓದಿದ್ದನ್ನೇ ಓದಿದವನು ಅಂತ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಾರೆ. ನೀವು ಸದುದ್ದೇಶದವರು ಅಂತ ನಂಬಿದ್ದೇನೆ, ತಾಳ್ಮೆಯಿಂದ ಉತ್ತರ ಕೊಡಲು ನೋಡುತ್ತೇನೆ ಅನ್ನುತ್ತಾರೆ. ಆಮೇಲೆ ಒಂದೊಂದೇ ಮಾತು. ನಾನು ಹೊರಗಿನವನಲ್ಲ, ಇಲ್ಲಿಯ ಜನ ಕರೆದಿದ್ದಕ್ಕೆ ಬಂದೆ. ಅಷ್ಟೇ ಅಲ್ಲ, ಸಂತ ಪೌಲ ಕೂಡ ಕ್ರಿಸ್ತನ ಮಾತು ಸಾರಲು ತನ್ನ ಊರು ಬಿಟ್ಟು ಊರೂರು ತಿರುಗಿದವನೇ ಅಲ್ವಾ? ಈ ಮಾತಿಗೆ ಯಾವ ಪಾದ್ರಿ ಇಲ್ಲ ಅಂದಾನು? ಮುಂದೆ, ಅನ್ಯಾಯದ ಕಾನೂನನ್ನು ಯಾಕೆ ಮೀರಬಹುದು ಅಂತ ಹೇಳುವಾಗ ಮೂರು ಹೆಸರು ತರುತ್ತಾರೆ: ಕ್ಯಾಥೊಲಿಕರ ಥಾಮಸ್ ಅಕ್ವಿನಾಸ್, ಯಹೂದಿಗಳ ಮಾರ್ಟಿನ್ ಬೂಬರ್, ಪ್ರಾಟೆಸ್ಟಂಟರ ಪಾಲ್ ಟಿಲಿಕ್. ಸಹಿ ಹಾಕಿದ ಎಂಟು ಜನರ ಪಟ್ಟಿ ಪಕ್ಕದಲ್ಲಿಟ್ಟು ನೋಡಿ. ಪ್ರತಿಯೊಬ್ಬರಿಗೂ ಅವರವರ ಮನೆಯ ಹಿರಿಯರನ್ನೇ ಸಾಕ್ಷಿಗೆ ಕರೆದಿದ್ದಾರೆ.

ಈಗ ಪತ್ರದ ಹೃದಯಕ್ಕೆ ಬರುತ್ತೇನೆ. ಆ ಎಂಟು ಜನರ ಹೇಳಿಕೆಯನ್ನು ಒಂದೇ ಪದಕ್ಕೆ ಇಳಿಸಿದರೆ, ಅದು ‘ತಡೀರಿ’. ಕಿಂಗ್ ಆ ಪದವನ್ನೇ ಹಿಡಿದುಕೊಳ್ಳುತ್ತಾರೆ. ಈ ‘ತಡೀರಿ’ ನಮ್ಮ ಕಿವಿಗೆ ಬಹಳ ಹಳೆಯದು, ಇದರ ಅರ್ಥ ಹೆಚ್ಚುಕಡಿಮೆ ಯಾವಾಗಲೂ ‘ಎಂದಿಗೂ ಇಲ್ಲ’ ಅಂತಲೇ ಆಗಿದೆ ಅನ್ನುತ್ತಾರೆ. ಇದನ್ನು ಕನ್ನಡಕ್ಕೆ ತರುವಾಗ ನನ್ನ ತರಗತಿಯ ಒಬ್ಬ ಹುಡುಗ ಥಟ್ಟನೆ ಹೇಳಿದ: “ಸಾರ್, ಇದು ‘ನಾಳೆ ಬಾ’.” ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ದೆವ್ವ ಬಂದು ಬಾಗಿಲು ತಟ್ಟುತ್ತದೆ ಅಂತ ಒಂದು ಕಾಲದಲ್ಲಿ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ದೆವ್ವ ಓದಿ ವಾಪಸ್ ಹೋಗುತ್ತದೆ, ಮರುದಿನ ಬಂದರೂ ಬಾಗಿಲ ಮೇಲೆ ಅದೇ ಅಕ್ಷರ. ಆ ನಾಳೆ ಬರುವುದೇ ಇಲ್ಲ. ಹುಡುಗನ ಮಾತು ಕೇಳಿ ತರಗತಿ ಒಂದು ಕ್ಷಣ ಸುಮ್ಮನಾಯಿತು. ಬದುಕಿರುವ ಮನುಷ್ಯರನ್ನು, ಅದೇ ಊರಿನವರನ್ನು, ಬಾಗಿಲಲ್ಲಿ ಹಾಗೆ ನಿಲ್ಲಿಸುವುದು ಅಂದರೆ ಏನು ಅಂತ ಎಲ್ಲರಿಗೂ ಹೊಳೆಯಿತು.

ನಮ್ಮ ಭಾಷೆ ಇಲ್ಲಿ ಇನ್ನೊಂದು ಸಹಾಯ ಮಾಡಿತು. ತಡ ಅಂದರೆ ವಿಳಂಬ. ತಡಿ ಅಂದರೆ ಕಾಯಿ. ತಡ್ಕೋ ಅಂದರೆ ನೋವು ಸಹಿಸು. ತಡೆ ಅಂದರೆ ಅಡ್ಡಿ. ತಡೆಯಾಜ್ಞೆ ಅಂದರೆ ಕೋರ್ಟು ಕೊಟ್ಟದ್ದು. ರಸ್ತೆ ತಡೆ ಅಂದರೆ ಸಹಿಸಿ ಸಾಕಾದ ಜನ ಕೊನೆಗೆ ಮಾಡುವುದು. ಆ ಏಪ್ರಿಲ್ ತಿಂಗಳ ಬರ್ಮಿಂಗ್‌ಹ್ಯಾಮ್ ಪೂರ್ತಿ ಈ ಒಂದು ಬೇರಿನ ಪದಗಳಲ್ಲೇ ಇದೆ. ಇಂಗ್ಲಿಷಿನಲ್ಲಿ ಇದಕ್ಕೆಲ್ಲ ಬೇರೆ ಬೇರೆ ಪದ ಬೇಕು. ‘ಕಾಯಿರಿ’ ಅನ್ನುವುದನ್ನು ಹೊಡೆದುಹಾಕಿ ಎಲ್ಲ ಕಡೆ ‘ತಡೀರಿ’ ಅಂತ ಬದಲಾಯಿಸಿದೆವು.

ಈ ಪದ ಬಂದ ಮೇಲೆ ಪತ್ರದಲ್ಲಿ ಒಂದು ವಾಕ್ಯ ಬರುತ್ತದೆ. 300ಕ್ಕೂ ಹೆಚ್ಚು ಪದಗಳ ಒಂದೇ ವಾಕ್ಯ. ಅದುವರೆಗೆ ಪತ್ರ ತಣ್ಣಗೆ, ವಕೀಲರ ಅರ್ಜಿಯ ಹಾಗೆ ನಡೆದಿರುತ್ತದೆ. ಇಲ್ಲಿ ಥಟ್ಟನೆ ಕಟ್ಟೆ ಒಡೆಯುತ್ತದೆ. ನಿಮ್ಮ ತಂದೆತಾಯಿಯನ್ನು ಗುಂಪು ಹಿಡಿದು ಕೊಂದದ್ದನ್ನು ಕಂಡಾಗ, ದ್ವೇಷ ತುಂಬಿದ ಪೊಲೀಸರು ನಿಮ್ಮವರನ್ನು ಬೈದು ಒದ್ದು ಕೊಲ್ಲುವುದನ್ನು ಕಂಡಾಗ, ನಿಮ್ಮ ಎರಡು ಕೋಟಿ ಅಣ್ಣತಮ್ಮಂದಿರು ಬಡತನದ ಪಂಜರದಲ್ಲಿ ಗಾಳಿಯಿಲ್ಲದೆ ಉಸಿರುಗಟ್ಟುವುದನ್ನು ಕಂಡಾಗ, ಹೀಗೆ. ಮುಖ್ಯ ಕ್ರಿಯಾಪದ ಬರುವುದಿಲ್ಲ, ಪೂರ್ಣವಿರಾಮ ಬರುವುದಿಲ್ಲ. ಓದುವವರು ಯಾವಾಗ ಮುಗಿಯುತ್ತದೋ ಅಂತ ಕಾಯಬೇಕು. ‘ತಡೀರಿ’ ಅಂದವರನ್ನು ಕಿಂಗ್ ಒಂದೇ ಒಂದು ವಾಕ್ಯದ ಮಟ್ಟಿಗೆ ತಡೆದು ನಿಲ್ಲಿಸುತ್ತಾರೆ. ಕೊನೆಗೆ ಎರಡು ಸಾಲಿನಲ್ಲಿ ಮುಗಿತಾಯ: ಆಗ ನಿಮಗೆ ಅರ್ಥವಾಗುತ್ತದೆ, ನಮಗೆ ಯಾಕೆ ತಡೆಯಲು ಕಷ್ಟ ಅಂತ.

ಇಂಗ್ಲಿಷಿನಲ್ಲಿ ‘ಯಾವಾಗ’ ಅನ್ನುವ ಪದ ಪ್ರತಿ ತುಣುಕಿನ ಮೊದಲಿಗೆ ಬರುತ್ತದೆ. ತಮಟೆಯ ಮೊದಲ ಪೆಟ್ಟಿನ ಹಾಗೆ. ಕನ್ನಡದಲ್ಲಿ ಅದು ಕೊನೆಗೆ ಹೋಗುತ್ತದೆ: ಕಂಡಾಗ, ಕೇಳಿದಾಗ, ಅಳುವಾಗ. ನನಗೆ ಮೊದಲು ಇದು ನಷ್ಟ ಅನ್ನಿಸಿತ್ತು. ಗಟ್ಟಿಯಾಗಿ ಓದಿ ನೋಡಿದ ಮೇಲೆ ಅಭಿಪ್ರಾಯ ಬದಲಾಯಿತು. ಪ್ರತಿ ತುಣುಕೂ ‘ಆಗ’ ಅಂತ ಮುಗಿದು, ಒಂದಾದ ಮೇಲೊಂದು ಬಾಗಿಲು ಮುಚ್ಚಿದ ಸದ್ದು ಕೇಳಿಸುತ್ತದೆ.

ಆ ವಾಕ್ಯದ ಒಳಗೆ ಒಂದು ಮಗು ಇದೆ. ಆರು ವರ್ಷದ ಮಗಳು. ಊರಿಗೆ ಬಂದಿರುವ ಫನ್‌ಟೌನ್ ಅನ್ನುವ ಆಟದ ಪಾರ್ಕಿನ ಜಾಹೀರಾತನ್ನು ಟೀವಿಯಲ್ಲಿ ನೋಡಿ, ಹೋಗೋಣ ಅನ್ನುತ್ತಾಳೆ. ಅಲ್ಲಿಗೆ ಕಪ್ಪು ಮಕ್ಕಳನ್ನು ಬಿಡುವುದಿಲ್ಲ ಅಂತ ಅಪ್ಪ ಹೇಳಬೇಕು. ಹೇಳಲು ಹೋದರೆ ನಾಲಿಗೆ ತಿರುಗುವುದಿಲ್ಲ, ಮಾತು ತೊದಲುತ್ತದೆ. ಅವತ್ತಿನ ಅಮೆರಿಕದ ಅತಿ ದೊಡ್ಡ ಮಾತುಗಾರ ತನ್ನ ಮಾತು ತೊದಲಿತು ಅಂತ ಬರೆಯುತ್ತಾನೆ. ಮಗಳ ಕಣ್ಣಲ್ಲಿ ನೀರು ತುಂಬುತ್ತದೆ. ಅವಳ ಪುಟ್ಟ ಮನಸ್ಸಿನ ಆಕಾಶದಲ್ಲಿ ಕೀಳರಿಮೆಯ ಮೋಡ ಕಟ್ಟುವುದು ಅಪ್ಪನಿಗೆ ಕಾಣುತ್ತದೆ. ಇಲ್ಲಿ ಅಂಕಿಅಂಶ ಇಲ್ಲ, ಬೈಗುಳ ಇಲ್ಲ. ಮಕ್ಕಳಿರುವ ಯಾರೇ ಆಗಲಿ, ಆ ಕೋಣೆಯಲ್ಲಿ ಆ ಟೀವಿಯ ಮುಂದೆ ಹೋಗಿ ನಿಲ್ಲಲೇಬೇಕು.

ವಾಕ್ಯದ ಕ್ರಮವನ್ನೂ ನೋಡಿ. ಶುರುವಾಗುವುದು ಕೊಲೆಯಿಂದ. ಸಾಮಾನ್ಯವಾಗಿ ನಾವು ಬರೆಯುವಾಗ ಸಣ್ಣದರಿಂದ ದೊಡ್ಡದಕ್ಕೆ ಹತ್ತುತ್ತೇವೆ, ಕೊಲೆಯನ್ನು ಕೊನೆಗೆ ಇಡುತ್ತೇವೆ. ಕಿಂಗ್ ಇಳಿಯುತ್ತಾ ಹೋಗುತ್ತಾರೆ. ಕೊಲೆ, ಪೊಲೀಸರ ಏಟು, ಬಡತನ, ಆಮೇಲೆ ಆಟದ ಪಾರ್ಕು, ಆಮೇಲೆ ಯಾವ ಹೋಟೆಲೂ ಒಳಗೆ ಬಿಡದ್ದರಿಂದ ರಾತ್ರಿ ಕಾರಿನಲ್ಲೇ ಮುದುಡಿ ಮಲಗುವುದು, ಆಮೇಲೆ ಹೆಸರು. ಹೌದು, ಹೆಸರು. ನಿಮ್ಮ ಮೊದಲ ಹೆಸರು ಒಂದು ಬೈಗುಳ. ಎಷ್ಟೇ ವಯಸ್ಸಾಗಿರಲಿ, ನಡುವಿನ ಹೆಸರು ‘ಹುಡುಗ’. ಕೊನೆಯ ಹೆಸರು, ನೀವು ಯಾರೇ ಆಗಿರಿ, ‘ಜಾನ್’. ನಿಮ್ಮ ಹೆಂಡತಿಯನ್ನಾಗಲಿ ತಾಯಿಯನ್ನಾಗಲಿ ‘ಶ್ರೀಮತಿ’ ಅಂತ ಗೌರವದಿಂದ ಯಾರೂ ಕರೆಯುವುದಿಲ್ಲ. ಈ ಇಳಿಜಾರು ಯಾಕೆ? ನನ್ನ ಊಹೆ ಹೀಗೆ. ಓದುತ್ತಿರುವ ಆ ಧರ್ಮಗುರು ಮೊದಲ ಸಾಲಿಗೆ, ‘ಅಯ್ಯೋ, ನಾನು ಯಾರನ್ನೂ ಕೊಂದಿಲ್ಲವಲ್ಲ’ ಅಂದುಕೊಳ್ಳಬಹುದು. ಎರಡನೆಯದಕ್ಕೂ ಹಾಗೇ. ಇಳಿದು ಇಳಿದು ವಾಕ್ಯ ಅವನ ಮನೆಯ ಅಂಗಳಕ್ಕೆ ಬಂದು ನಿಲ್ಲುತ್ತದೆ. ತೋಟದ ಕೆಲಸಕ್ಕೆ ಬರುವ ಮುದುಕನನ್ನು ನೀನು ಏನಂತ ಕರೆಯುತ್ತೀಯ?

ಈ ಭಾಗ ಅನುವಾದಿಸುವಾಗ ನಾನು ಪೆನ್ನು ಕೆಳಗಿಟ್ಟೆ. ನಮ್ಮ ಅಜ್ಜನ ತೋಟಕ್ಕೆ ಕಾಯಿ ಕೀಳಲು ಒಬ್ಬರು ಬರುತ್ತಿದ್ದರು. ಅಜ್ಜನಿಗಿಂತ ವಯಸ್ಸಾದವರು. ಎಂಟು ವರ್ಷದ ನಾನು ಅವರನ್ನು ‘ಬಾರೋ’, ‘ಹೋಗೋ’ ಅಂತಿದ್ದೆ. ಅವರು ನನ್ನನ್ನು ‘ಬುದ್ಧೀ’ ಅಂತಿದ್ದರು. ಹಳೇ ಮೈಸೂರಿನ ಕಡೆಯವರಿಗೆ ಈ ‘ಬುದ್ಧೀ’ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟು ಎತ್ತರದ ಮರದಿಂದ ಇಳಿದು ಬಂದು, ಎದೆಯ ಮೇಲೆ ರಕ್ತ ಗೀಚಿದ ಗೆರೆಗಳಿರುವಾಗ, ಒಂದು ಎಳನೀರು ಕೆತ್ತಿ ಎರಡೂ ಕೈಯಲ್ಲಿ ಹಿಡಿದು, “ತಗಳಿ ಬುದ್ಧೀ” ಅಂತ ಚಿಕ್ಕ ಹುಡುಗನ ಮುಂದೆ ಬಗ್ಗುತ್ತಿದ್ದರು. ನಮ್ಮ ಮನೆಯಲ್ಲಿ ಯಾರೂ ಅವರನ್ನು ಹೊಡೆದವರಲ್ಲ, ಬೈದವರಲ್ಲ. ಕೂಲಿ ಸರಿಯಾಗಿ ಕೊಡುತ್ತಿದ್ದೆವು. ಆದರೆ ಕಿಂಗ್ ಬರೆದ ಆ ಮೂರು ಹೆಸರಿನ ಸಾಲು ನನ್ನ ಬಾಯಿಯ ಬಗ್ಗೆ ಬರೆದದ್ದು.

ಸಭೆಯಲ್ಲಿ ಒಬ್ಬರು ಇಲ್ಲಿ ಕೇಳಿದರು, ಅವರದು ಬಣ್ಣದ ಪ್ರಶ್ನೆ, ನಮ್ಮದು ಜಾತಿಯದು, ಎರಡನ್ನೂ ಒಂದೇ ತಕ್ಕಡಿಗೆ ಹಾಕಬಹುದಾ ಅಂತ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಈ ಹೋಲಿಕೆ ನಾನು ಕಟ್ಟಿದ್ದಲ್ಲ. ಜೋತಿರಾವ್ ಫುಲೆ 1873ರಲ್ಲೇ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಕಪ್ಪು ಜನರನ್ನು ಬಿಡಿಸಲು ದುಡಿದ ಅಮೆರಿಕನ್ನರಿಗೆ ಅರ್ಪಿಸಿದ್ದರು. ಅಂಬೇಡ್ಕರ್ 1946ರಲ್ಲಿ ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಕಾಗದ ಬರೆದಿದ್ದರು. ಸ್ವತಃ ಕಿಂಗ್ 1959ರಲ್ಲಿ ಭಾರತಕ್ಕೆ ಬಂದಿದ್ದರು. ತಿರುವನಂತಪುರದ ಒಂದು ಶಾಲೆಯಲ್ಲಿ ಅಸ್ಪೃಶ್ಯ ಸಮುದಾಯದ ಮಕ್ಕಳ ಮುಂದೆ ಪ್ರಿನ್ಸಿಪಾಲರು ಅವರನ್ನು ‘ಅಮೆರಿಕದಿಂದ ಬಂದಿರುವ ನಿಮ್ಮಂಥ ಅಸ್ಪೃಶ್ಯರು’ ಅಂತ ಪರಿಚಯಿಸಿದರಂತೆ. ಕಿಂಗ್‌ಗೆ ಮೊದಲು ಚುರುಕ್ ಅಂದಿತು. ಆಮೇಲೆ ಯೋಚಿಸಿ, ಹೌದು, ನಾನೂ ಅಸ್ಪೃಶ್ಯನೇ, ನನ್ನ ದೇಶದ ಪ್ರತಿ ಕಪ್ಪು ಮನುಷ್ಯನೂ ಅಸ್ಪೃಶ್ಯನೇ ಅಂದುಕೊಂಡರು. 1965ರಲ್ಲಿ ತಮ್ಮ ಚರ್ಚಿನಲ್ಲಿ ಅವರೇ ಹೇಳಿದ ಕಥೆ ಇದು. ಪತ್ರದಲ್ಲಿರುವ ಬಡತನದ ಪಂಜರದ ಮಾತೇ ಈ ಕಥೆಯಲ್ಲೂ ಬರುತ್ತದೆ.

ಕಿಂಗ್ ಈ ಜಾಣ್ಮೆಯನ್ನೆಲ್ಲ ಒಬ್ಬರೇ ಕಂಡುಹಿಡಿದವರಲ್ಲ. ಅವರಿಗಿಂತ ನೂರು ವರ್ಷ ಹಿಂದೆ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ ಇದ್ದರು. 1852ರಲ್ಲಿ ಅಮೆರಿಕದ ಸ್ವಾತಂತ್ರ್ಯ ದಿನಕ್ಕೆ ಮಾತಾಡಲು ರಾಚೆಸ್ಟರ್ ಊರಿನ ಹೆಂಗಸರ ಸಂಘ ಅವರನ್ನು ಕರೆಯಿತು. ಅವರು ಮಾತಾಡಿದ್ದು ಜುಲೈ 4ಕ್ಕಲ್ಲ, 5ಕ್ಕೆ. ಮೊದಲು ದೇಶ ಕಟ್ಟಿದ ಹಿರಿಯರನ್ನು ಮನಸಾರೆ ಹೊಗಳುತ್ತಾರೆ. ಆದರೆ ‘ನಮ್ಮ ಹಿರಿಯರು’ ಅನ್ನುವುದಿಲ್ಲ. ನಿಮ್ಮ ಹಿರಿಯರು, ನಿಮ್ಮ ದೇಶ, ನಿಮ್ಮ ಹಬ್ಬ. ಕೇಳುವವರಿಗೆ ಮೊದಮೊದಲು ಅದು ಬರೀ ಮರ್ಯಾದೆ ಅನ್ನಿಸಿರಬೇಕು. ನಡುವಿನಲ್ಲಿ ಒಂದೇ ಸಲ ಅರ್ಥ ತಿರುಗುತ್ತದೆ: ಈ ಹಬ್ಬ ನಿಮ್ಮದು, ನನ್ನದಲ್ಲ. ನೀವು ಸಂತೋಷ ಪಡಬಹುದು, ನಾನು ಶೋಕ ಪಡಬೇಕು. ಒಂದು ಸರ್ವನಾಮವನ್ನು ಅಷ್ಟು ಹೊತ್ತು ಕಾಯಿಸಿ ಕಾಯಿಸಿ ಕೊನೆಗೆ ಪ್ರಯೋಗಿಸಿದವರನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಅದೇ ಭಾಷಣದಲ್ಲಿ, ಗುಲಾಮನೂ ಮನುಷ್ಯ ಅಂತ ನಾನು ಸಾಬೀತು ಮಾಡಬೇಕಾ ಅಂತ ಕೇಳುತ್ತಾರೆ. ಬೇಡ, ನಿಮ್ಮ ಕಾನೂನೇ ಒಪ್ಪಿಕೊಂಡಿದೆ ಅನ್ನುತ್ತಾರೆ. ವರ್ಜೀನಿಯಾ ರಾಜ್ಯದಲ್ಲಿ ಕಪ್ಪು ಮನುಷ್ಯ ಮಾಡಿದರೆ ಮರಣದಂಡನೆ ಅಂತ 72 ಅಪರಾಧಗಳಿವೆ, ಅದೇ ಅಪರಾಧಗಳಲ್ಲಿ ಬಿಳಿಯನಿಗೆ ಆ ಶಿಕ್ಷೆ ಇರುವುದು ಎರಡಕ್ಕೆ ಮಾತ್ರ. ತಪ್ಪು ಒಪ್ಪು ಗೊತ್ತಿರುವ ಮನುಷ್ಯನಿಗಲ್ಲದೆ ದನಕ್ಕೆ, ಕುದುರೆಗೆ ಯಾರಾದರೂ ಶಿಕ್ಷೆ ಬರೆಯುತ್ತಾರಾ? ಎದುರಾಳಿಯ ಕಾನೂನು ಪುಸ್ತಕವನ್ನೇ ತೆಗೆದು ಮೇಜಿನ ಮೇಲೆ ಇಟ್ಟ ಹಾಗೆ.

ಐಡಾ ಬಿ. ವೆಲ್ಸ್ ಮಾಡಿದ್ದೂ ಇದನ್ನೇ, ಅಂಕಿಗಳಲ್ಲಿ. ಮೆಂಫಿಸ್‌ನಲ್ಲಿ ಪತ್ರಿಕೆ ನಡೆಸುತ್ತಿದ್ದ ಹೆಣ್ಣುಮಗಳು. 1892ರ ಮಾರ್ಚಿನಲ್ಲಿ ಅವರ ಗೆಳೆಯ ಥಾಮಸ್ ಮಾಸ್ ಮತ್ತು ಇನ್ನಿಬ್ಬರನ್ನು ಗುಂಪು ಜೈಲಿನಿಂದ ಎಳೆದೊಯ್ದು ಕೊಂದಿತು. ಆ ಮೂವರು ದಿನಸಿ ಅಂಗಡಿಯವರು. ಅವರ ಅಂಗಡಿಯಿಂದ ಪಕ್ಕದ ಬಿಳಿಯ ಅಂಗಡಿಯವನಿಗೆ ಪೆಟ್ಟು ಬಿದ್ದಿತ್ತು. ಬಿಳಿಯ ಹೆಂಗಸರ ಮಾನ ಕಾಯಲು ಇಂಥ ಕೊಲೆ ನಡೆಯುತ್ತದೆ ಅನ್ನುವ ಮಾತನ್ನು ಅದುವರೆಗೆ ತಾನೂ ನಂಬಿದ್ದೆ ಅಂತ ವೆಲ್ಸ್ ಆಮೇಲೆ ಒಪ್ಪಿಕೊಂಡಿದ್ದಾರೆ. ಗೆಳೆಯನ ಸಾವಿನ ನಂತರ ಒಂದೊಂದೇ ಕೊಲೆಯ ವಿವರ ಹುಡುಕುತ್ತಾ ಹೋದರು. ಮೇ ತಿಂಗಳಲ್ಲಿ ಅವರ ಪತ್ರಿಕೆಯ ಕಚೇರಿಯನ್ನೇ ಪುಡಿ ಮಾಡಿದರು. ಅವರು ನಿಲ್ಲಿಸಲಿಲ್ಲ. 1895ರ ಪುಸ್ತಕದಲ್ಲಿ ಅವರು ಬಳಸಿದ್ದು ಬಿಳಿಯರ ಪತ್ರಿಕೆಯಾದ ‘ಷಿಕಾಗೋ ಟ್ರಿಬ್ಯೂನ್’ ಕೂಡಿಸಿಟ್ಟ ಪಟ್ಟಿಗಳನ್ನು. ಕಪ್ಪು ಹೆಂಗಸು ಉತ್ಪ್ರೇಕ್ಷೆ ಮಾಡುತ್ತಾಳೆ ಅಂತ ಯಾರೂ ಅನ್ನಬಾರದು. ಊರು, ತಾರೀಕು, ಹೆಸರು, ಹೊರಿಸಿದ ಆರೋಪ. ಆ ಪಟ್ಟಿ ಓದುವಾಗ ವಿಶೇಷಣ ಒಂದೂ ಬೇಕಾಗುವುದಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಬಗೆಯ ಬರವಣಿಗೆ ಇದೆ. ಅದೂ ಮನವೊಲಿಸುತ್ತದೆ, ಆದರೆ ಮರೆಸಲು. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ಮನುಷ್ಯನ ಕುತ್ತಿಗೆಯ ಮೇಲೆ ಮೊಣಕಾಲು ಊರಿ ಕೊಂದಾಗ ಪೊಲೀಸರು ಹೊರಡಿಸಿದ ಮೊದಲ ಪ್ರಕಟಣೆಯ ತಲೆಬರಹ ಹೀಗಿತ್ತು: ‘ಪೊಲೀಸರೊಂದಿಗಿನ ಮುಖಾಮುಖಿ ವೇಳೆ ವೈದ್ಯಕೀಯ ಘಟನೆಯ ನಂತರ ವ್ಯಕ್ತಿ ಸಾವು’. ಮೊಣಕಾಲು ಎಲ್ಲಿ? ಕುತ್ತಿಗೆ ಎಲ್ಲಿ? ಒಂಬತ್ತು ನಿಮಿಷಕ್ಕೂ ಮೀರಿದ ಹೊತ್ತು ಎಲ್ಲಿ? ಅವನು ಅಸ್ವಸ್ಥನಂತೆ ಕಂಡುಬಂದ, ಯಾವ ಆಯುಧವನ್ನೂ ಯಾರೂ ಬಳಸಲಿಲ್ಲ ಅಂತ ಒಳಗೆ ಬರೆದಿತ್ತು. ಒಂದೊಂದು ವಾಕ್ಯವೂ ವ್ಯಾಕರಣಕ್ಕೆ ಸರಿಯಾಗಿದೆ. ಕೆಲಸ ಮಾಡಿದವನು ಮಾತ್ರ ವಾಕ್ಯದಿಂದ ಎದ್ದು ಹೋಗಿದ್ದಾನೆ. ಅಲ್ಲೇ ನಿಂತಿದ್ದ 17 ವರ್ಷದ ಡಾರ್ನೆಲ್ಲಾ ಫ್ರೇಜಿಯರ್ ತನ್ನ ಫೋನಿನಲ್ಲಿ ವಿಡಿಯೊ ಮಾಡಿರದಿದ್ದರೆ ಆ ವಾಕ್ಯವೇ ಉಳಿದುಬಿಡುತ್ತಿತ್ತೇನೋ. ನಮ್ಮ ಪತ್ರಿಕೆಗಳಲ್ಲೂ ‘ಲಘು ಲಾಠಿ ಪ್ರಹಾರ ನಡೆಯಿತು’, ‘ಗೋಲಿಬಾರ್ ನಡೆದಿದೆ’ ಅಂತ ಓದುತ್ತೇವೆ ಅಲ್ವಾ? ಮಳೆ ಬಂದ ಹಾಗೆ, ಸಂತೆ ನಡೆದ ಹಾಗೆ. ವರದಿ ಬರೆಯುವ ಮಕ್ಕಳಿಗೆ ನಾನು ಪ್ರತಿ ವರ್ಷ ಹೇಳುತ್ತೇನೆ: ಕರ್ತೃ ಹುಡುಕಿ.

ಕಿಂಗ್ ಅದನ್ನು ಪತ್ರದ ಕೊನೆಯ ಕಡೆ ಮಾಡುತ್ತಾರೆ. ನೀವು ಪೊಲೀಸರನ್ನು ಮೆಚ್ಚಿದಿರಿ ಅನ್ನುತ್ತಾರೆ. ಕೈಯಲ್ಲಿ ಏನೂ ಇಲ್ಲದ ಜನರ ಮೈಗೆ ಪೊಲೀಸರ ನಾಯಿಗಳು ಹಲ್ಲು ಊರುವುದನ್ನು ನೀವು ನೋಡಿದ್ದರೆ, ಮುದುಕಿಯರನ್ನು, ಎಳೆಯ ಹುಡುಗಿಯರನ್ನು ಅವರು ತಳ್ಳಿ ಬೈಯುವುದನ್ನು ನೋಡಿದ್ದರೆ, ಇಷ್ಟು ಬೇಗ ಮೆಚ್ಚುತ್ತಿರಲಿಲ್ಲ. ಪ್ರತಿ ಕ್ರಿಯೆಗೂ ಒಬ್ಬ ಕರ್ತೃ ಇದ್ದಾನೆ.

ಇಷ್ಟೆಲ್ಲ ಆಗಿ, ಪತ್ರ ಗೆದ್ದಿತಾ? ಕೂಡಲೇ ಇಲ್ಲ. ಆ ಎಂಟು ಜನ ಎದ್ದು ಬಂದು ಮೆರವಣಿಗೆ ಸೇರಲಿಲ್ಲ. ಬರ್ಮಿಂಗ್‌ಹ್ಯಾಮನ್ನು ಅಲುಗಿಸಿದ್ದು ಮಕ್ಕಳು. ಮೇ 2ರಿಂದ ಸಾವಿರಾರು ಶಾಲಾ ಮಕ್ಕಳು ಬೀದಿಗೆ ಇಳಿದರು. ಅವರ ಮೇಲೆ ನಾಯಿ ಬಿಟ್ಟರು, ಬೆಂಕಿ ಆರಿಸುವ ಪೈಪಿನ ನೀರು ಹಾಯಿಸಿದರು. ಆ ಫೋಟೊಗಳನ್ನು ಜಗತ್ತೇ ನೋಡಿತು. ಮೇ 10ಕ್ಕೆ ಅಂಗಡಿಯವರು ಒಪ್ಪಂದಕ್ಕೆ ಬಂದರು. ಸೆಪ್ಟೆಂಬರ್ 15ರಂದು ಅದೇ ಊರಿನ ಕಪ್ಪು ಜನರ ಚರ್ಚಿನಲ್ಲಿ ಕ್ಲಾನ್‌ನವರು ಇಟ್ಟ ಬಾಂಬಿಗೆ ನಾಲ್ಕು ಹುಡುಗಿಯರು ಬಲಿಯಾದರು. ನಾಗರಿಕ ಹಕ್ಕುಗಳ ಕಾಯ್ದೆ ಬಂದದ್ದು 1964ರ ಜುಲೈ 2ಕ್ಕೆ. ಕಾಲು ನಡೆದದ್ದರಿಂದ ಆದ ಕೆಲಸವನ್ನು ಕೈ ಬರೆದದ್ದರಿಂದ ಆಯಿತು ಅಂತ ನಾನು ಹೇಳಲಾರೆ. ಪತ್ರ ಮಾಡಿದ್ದು ಬೇರೆ ಕೆಲಸ. ಅದು ಒಳ್ಳೆಯವರ ಕೈಯಲ್ಲಿದ್ದ ನೆಪವನ್ನು ಕಿತ್ತುಕೊಂಡಿತು.

ಪತ್ರದ ನಡುವೆ ಕಿಂಗ್ ಅವರು, ನಿಮ್ಮ ಮುಂದೆ ಎರಡು ವಿಷಯ ಪ್ರಾಮಾಣಿಕವಾಗಿ ನಿವೇದಿಸಿಕೊಳ್ಳಬೇಕು ಅನ್ನುತ್ತಾರೆ. ಪಾಪನಿವೇದನೆ ಅನ್ನುವುದು ಧರ್ಮಗುರುಗಳಿಗೆ ಚೆನ್ನಾಗಿ ಗೊತ್ತಿರುವ ಮಾತು ತಾನೇ. ಕಿವಿಗೊಟ್ಟರೆ, ಹೊರಬರುವುದು ಕೇಳುವವರದೇ ತಪ್ಪು. ನಮ್ಮ ದಾರಿಗೆ ಅತಿ ದೊಡ್ಡ ಅಡ್ಡಿ ಕ್ಲಾನ್ ಅಲ್ಲವೇನೋ, ನ್ಯಾಯಕ್ಕಿಂತ ಶಾಂತಿ ಮುಖ್ಯ ಅನ್ನುವ ಮೆತ್ತನೆಯ ಬಿಳಿಯರು ಅನ್ನುತ್ತಾರೆ. ನಿಮ್ಮ ಗುರಿ ಒಪ್ಪುತ್ತೇನೆ, ದಾರಿ ಒಪ್ಪುವುದಿಲ್ಲ ಅನ್ನುವವರು. ಇನ್ನೊಬ್ಬರ ಬಿಡುಗಡೆಗೆ ತಾವು ಮುಹೂರ್ತ ಇಡುವವರು.

ನನ್ನ ಅಜ್ಜ ಮೇಷ್ಟ್ರಾಗಿದ್ದವರು. ಊರಿನಲ್ಲಿ ಎಲ್ಲರೂ ಅವರ ಮಾತು ಕೇಳುತ್ತಿದ್ದರು. ನಮ್ಮೂರಿನ ಹೋಟೆಲಿನಲ್ಲಿ ಕೇರಿಯವರಿಗೆ ಬೇರೆ ಲೋಟ ಇತ್ತು. ಅವು ಹೊರಗೆ ಸೂರಿನ ಸಂದಿಯಲ್ಲಿ ಇರುತ್ತಿದ್ದವು, ಕುಡಿದವರೇ ತೊಳೆದಿಡಬೇಕು. ಒಂದು ಸಲ ಕೇರಿಯ ನಾಲ್ಕು ಜನ ಹುಡುಗರು ಒಳಗೆ ಹೋಗಿ ಬೆಂಚಿನ ಮೇಲೆ ಕೂತು ಕಾಫಿ ಕೇಳುತ್ತೇವೆ ಅಂತ ನಿರ್ಧಾರ ಮಾಡಿದರು. ಗಲಾಟೆಯಾಗಬಾರದು ಅಂತ ಮೊದಲು ಅಜ್ಜನ ಹತ್ತಿರ ಬಂದರು. ಜಗಲಿಯ ಕೆಳಗೆ ನಿಂತಿದ್ದರು, ನನಗೆ ಚೆನ್ನಾಗಿ ನೆನಪಿದೆ. ಅಜ್ಜ ಬಹಳ ಮೃದುವಾಗಿ ಹೇಳಿದರು: “ನೀವು ಕೇಳೋದು ನ್ಯಾಯವೇ ಕಣ್ರಪ್ಪಾ. ನಾನು ಇಲ್ಲ ಅನ್ನಲ್ಲ. ಈಗ ಹಬ್ಬದ ಟೈಮು. ಸ್ವಲ್ಪ ತಡೀರಿ.”

ಅಜ್ಜ ಹೋಗಿ ಎಷ್ಟೋ ವರ್ಷವಾಯಿತು. ಈ ಪತ್ರವನ್ನು ಅವರಿಗೆ ಓದಿ ಹೇಳಬೇಕಿತ್ತು ಅಂತ ಅನ್ನಿಸುತ್ತದೆ. ಯಾವ ಜಾಗದಿಂದ ಶುರು ಮಾಡಬೇಕಿತ್ತು ಅಂತಲೂ ಯೋಚಿಸಿದ್ದೇನೆ. ಕಾನೂನಿನ ಭಾಗದಿಂದ ಅಲ್ಲ, ಅಕ್ವಿನಾಸ್‌ನಿಂದ ಅಲ್ಲ. ಅಜ್ಜನಿಗೆ ಮೊಮ್ಮಕ್ಕಳು ಅಂದರೆ ಪ್ರಾಣ. ಜಾತ್ರೆಗೆ ನಮ್ಮನ್ನೆಲ್ಲ ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು, ರಾಟವಾಳದ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಿದ್ದರು. ಆರು ವರ್ಷದ ಒಂದು ಹುಡುಗಿ ಟೀವಿಯಲ್ಲಿ ಆಟದ ಪಾರ್ಕು ನೋಡಿ ಅಪ್ಪನ ಕೈ ಹಿಡಿದು ಕೇಳಿದಳಂತೆ ಅಜ್ಜ, ಅಂತ ಅಲ್ಲಿಂದ ಶುರು ಮಾಡುತ್ತಿದ್ದೆ.